ದೊಡ್ಡ ತಟ್ಟೆಯ ಒಂದೇ ಹಾಡು

ಡಿಸ್ಕೊ ಹುಚ್ಚಿನವರನ್ನು ಕಟ್ಟಿಕೊಂಡರೆ ಮನೆಯಲ್ಲಿ ದಿನಕ್ಕೊಂದು ತಮಾಷೆ. ಅಡುಗೆಗೆ ಉಪ್ಪು ಬೇಕಾಗುವಷ್ಟೇ ಸಹಜ.

ಪೆಟ್ಟಿಗೆ ಬಂತು

ಸಿಡಿ ಬಂತೆಂದು ನಾವಿದ್ದ ದೋಹಾದ ಹೋಟೆಲೊಂದು ಹೊರಗೆ ಹಾಕಿದ ಡಿಸ್ಕೊ ರೆಕಾರ್ಡುಗಳನ್ನು ನಮ್ಮವರು ಪೆಟ್ಟಿಗೆ ಸಮೇತ ಹೊತ್ತು ತಂದರು.

"ಇಷ್ಟು ದೊಡ್ಡ ತಟ್ಟೆಯಲ್ಲಿ ಒಂದೇ ಹಾಡಾ ಮಾರಾಯ್ರೇ?"

"ಗೆರೆ ಅಗಲ ಇದ್ದರೆ ಸದ್ದು ಗಟ್ಟಿ ಮಾರಾಯ್ತಿ. ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಬ್ಯಾಂಡಿನ ಬದಲು ರೆಕಾರ್ಡ್ ಹಾಕಿ ಕುಣಿಸುತ್ತಿದ್ದರು. ಹಾಡು ಬೇಗ ಮುಗಿದರೆ ಕುಣಿಯುವವರಿಗೆ ಸಿಟ್ಟು. ಅದಕ್ಕೇ ಡಿಜೆಗಳಿಗೆಂದು ಈ ಉದ್ದದ ಹಾಡು."

"ಅವರಿಗೆ ಮನೆಯೂ ದೊಡ್ಡದಿರಬೇಕು. ಇಲ್ಲಿ ತೊಟ್ಟಿಲಿಗೇ ಜಾಗ ಮಾಫಿ, ಇಲ್ಲವೇ ಇಲ್ಲ!"

ಕೊನೆಗೆ ಒಪ್ಪಂದವಾಯಿತು. ದುಖಾನ್ ಪೇಟೆಯಲ್ಲಿ ನಮ್ಮ ಊರವರ ಸಂಘದ ಪಾರ್ಟಿಗೆ ಇವರೇ ಡಿಜೆ. ಜನ ಕುಣಿದರೆ ಪೆಟ್ಟಿಗೆ ಉಳಿಯುತ್ತದೆ, ಇಲ್ಲದಿದ್ದರೆ ಖಲಾಸ್. ಅಲ್ಲಿಯವರೆಗೆ ಅದು ತೊಟ್ಟಿಲ ಕೆಳಗೆ. ಮಗು ಅತ್ತರೆ ಇವರು ಮೊದಲು ಪೆಟ್ಟಿಗೆ ಒದ್ದೆಯಾಯಿತೇ ಎಂದು ನೋಡುತ್ತಿದ್ದರು.

ಕಷಾಯ

ಅಭ್ಯಾಸಕ್ಕೆಂದು ರೆಕಾರ್ಡ್ ಹಾಕಿದರು. ವೇಗದ ಗುಂಡಿ ತಪ್ಪಿ ತಟ್ಟೆ ನಿಧಾನಕ್ಕೆ ತಿರುಗಿತು. ಹಾಡುವ ಹೆಂಗಸು ಕೋಣದಂತೆ ನರಳಿದಳು. ಪಕ್ಕದ ಮನೆಗೆ ಉಳ್ಳಾಲದಿಂದ ಬಂದಿದ್ದ ಬ್ಯಾರಿ ಅಜ್ಜಿ ಕರಿಮೆಣಸಿನ ಕಷಾಯ ಹಿಡಿದು ಓಡಿ ಬಂದರು.

"ನಿನ್ನ ಗಂಡನಿಗೆ ಎಷ್ಟು ನೋವು ಮಗಳೇ! ಗೋಡೆಯಾಚೆ ಕೇಳುತ್ತದೆ."

ಅಜ್ಜಿಗೆ ಬೇಸರವಾಗಬಾರದಲ್ಲ, ಇವರಿಗೆ ಪೂರ್ತಿ ಕುಡಿಸಿದೆ.

ವಂದನಾರ್ಪಣೆ

ದುಖಾನ್‌ಗೆ ಹೋಗುವಾಗ ಕಾರಿನ ಹಿಂದಿನ ಸೀಟು ಪೆಟ್ಟಿಗೆಗೆ. ಮಗುವಿಗೆ ನನ್ನ ತೊಡೆ. ಪಾರ್ಟಿಯಲ್ಲಿ ಗಂಡಸರೆಲ್ಲ ಗೋಡೆಗೊರಗಿ ಬಿರಿಯಾನಿಯ ದಾರಿ ಕಾಯುತ್ತಿದ್ದರು. ಇವರು ಹಾಡಿನ ಮೇಲೆ ಹಾಡು ಹಾಕಿದರೂ ಒಬ್ಬರೂ ಕುಣಿಯಲಿಲ್ಲ. ನಾನು ಮನಸ್ಸಿನಲ್ಲೇ ಪೆಟ್ಟಿಗೆಯನ್ನು ಯಾರಿಗೆ ಕೊಡುವುದೆಂದು ನಿಶ್ಚಯಿಸಿಯೂ ಆಯಿತು.

ಕೊನೆಯ ಆಸೆಯೆಂದು ಇವರು ಅತಿ ಉದ್ದದ ರೆಕಾರ್ಡ್ ಹಾಕಿದರು. ಒಬ್ಬೊಬ್ಬರೇ ಎದ್ದರು. ಅಷ್ಟರಲ್ಲಿ ಹಾಡುವ ಹೆಂಗಸಿನ ದನಿ ನಿಂತು ಬರೀ ಡ್ರಮ್ ಉಳಿಯಿತು. ಡಿಸ್ಕೊದ ಜೀವವೇ ಅಲ್ಲಿದೆಯಂತೆ. ಸಂಜೆಯಿಂದ ಭಾಷಣಕ್ಕೆ ಕಾದಿದ್ದ ಸಂಘದ ಅಧ್ಯಕ್ಷರಿಗೆ ಅದೇನು ಗೊತ್ತು? ಹಾಡು ಮುಗಿಯಿತೆಂದು ಮೈಕ್ ಹಿಡಿದರು.

"ಹಾಲ್ ಕೊಟ್ಟವರಿಗೆ ವಂದನೆ!" ಧಂ ಧಂ. "ಅಡುಗೆಯವರಿಗೆ ವಂದನೆ!" ಧಂ ಧಂ.

ಜನ ತಾಳಕ್ಕೆ ಚಪ್ಪಾಳೆ ಹೊಡೆದರು. ತಮಗೇ ಹೊಡೆದದ್ದೆಂದು ಅಧ್ಯಕ್ಷರು ಉಬ್ಬಿ, ಕುರ್ಚಿ ಜೋಡಿಸಿದವರಿಗೂ ವಂದಿಸಿದರು. ಅವರ ಸೊಂಟ ತಾನಾಗಿ ಆಡತೊಡಗಿತು. ಅದನ್ನು ಕಂಡು ಗೋಡೆಗೊರಗಿದ್ದವರೂ ನುಗ್ಗಿದರು. ಫಕ್ಕನೆ ಅವರ ಮಾತಿನ ನಡುವೆ ರೆಕಾರ್ಡಿನ ಹೆಂಗಸಿನ ಹಾಡು ಮತ್ತೆ ಸಿಡಿದಾಗ ಹಾಲ್ ಪೂರ್ತಿ ಕುಣಿಯುತ್ತಿತ್ತು. ಇವರು ನನ್ನತ್ತ ನೋಡಿ ಹಲ್ಲು ಕಿಸಿದರು.

ಪೆಟ್ಟಿಗೆ ಹೊರಹಾಕುವ ನನ್ನ ಆಸೆ ಅಲ್ಲಿಗೆ ಖಲಾಸ್. ಬೆವರು ಒರೆಸುತ್ತಾ ಅಧ್ಯಕ್ಷರು ಬಂದು ಇವರ ಬೆನ್ನು ತಟ್ಟಿದರು:

"ನನ್ನ ಭಾಷಣಕ್ಕೆ ಇಷ್ಟು ಚಪ್ಪಾಳೆ ಎಂದೂ ಬಿದ್ದದ್ದಿಲ್ಲ. ಮುಂದಿನ ವರ್ಷವೂ ನೀವೇ ಬನ್ನಿ. ಆದರೆ ನಡುವೆ ಆ ಹೆಂಗಸು ಬಾಯಿ ಹಾಕದ ಹಾಗೆ ನೋಡಿಕೊಳ್ಳಿ."