ಒಲೆ ಮೇಲಕ್ಕೆ, ಗುಂಡಿ ಕೆಳಕ್ಕೆ

ಪಕ್ಕದ ಮನೆಯ ಶಿವರಾಮುವಿನ ಹಿತ್ತಲ ಬೆಂಕಿಯ ಮೇಲೆ ನಮ್ಮ ಗುಂಡ್ಲುಪೇಟೆಯಲ್ಲಿ ಮೊಟ್ಟಮೊದಲು ದೂರು ಕೊಟ್ಟವಳು ನಾನೇ. ಈ ಕೀರ್ತಿಯನ್ನು ಬೇರೆ ಯಾರೂ ಹೊಡೆದುಕೊಳ್ಳದಿರಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದನ್ನೂ ನಾನೇ ಹೇಳುವುದು ವಾಸಿ. ನನ್ನ ಸೊಸೆ ನೀಲಾವತಿಯ ಬಾಯಿಗೆ ಬಿದ್ದರೆ ಅದಕ್ಕೆ ಒಗ್ಗರಣೆ ಬೀಳುತ್ತದೆ. ಒಗ್ಗರಣೆಗೆ ಕಡಿಮೆ ಸಾಮಾನು ಹಾಕಿ ಅವಳಿಗೆ ಅಭ್ಯಾಸವಿಲ್ಲ.

ಶಿವರಾಮು ತನ್ನ ಮಹಡಿಯನ್ನು ಹೋಮ್‌ಸ್ಟೇ ಮಾಡಿದ. ಬಂಡೀಪುರಕ್ಕೆ ಹೋಗುವವರು, ಊಟಿಗೆ ಹೋಗುವವರು, ಕೇರಳದಿಂದ ಬರುವವರು ಅಲ್ಲಿ ಇಳಿದುಕೊಳ್ಳುತ್ತಾರೆ. ಇಳಿದುಕೊಂಡು ಉಂಡು ಮಲಗಿದರೆ ನನ್ನದೇನೂ ತಕರಾರಿಲ್ಲ. ಆದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಲಲ್ಲಿ ಬೆಂಕಿ ಹಾಕಿಸಿಕೊಂಡು, ಸುತ್ತ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನಮ್ಮ ಕಡೆ ಹೀಗೆ ಬೆಂಕಿಯ ಮುಂದೆ ಕೂರುತ್ತಿದ್ದವರು ಹೊಲ ಕಾಯುವವರು, ಅದೂ ಆನೆ ಬರದಿರಲಿ ಎಂದು. ಇವರು ಅಷ್ಟು ದೂರದಿಂದ ಆನೆ ನೋಡಲು ಬಂದು, ಆನೆ ಓಡಿಸುವ ಬೆಂಕಿ ಹಾಕಿಕೊಂಡು ಕೂತು, ಮಾರನೆಯ ದಿನ ಕಾಡು ಸುತ್ತಿ ಬಂದು 'ಒಂದು ಆನೆಯೂ ಕಾಣಲಿಲ್ಲ' ಎಂದು ಶಿವರಾಮುವನ್ನು ಬೈಯುತ್ತಾರೆ. (ಎಲ್ಲರೂ ಓದಿದವರೇ.)

ಶಿವರಾಮು ಅದನ್ನು 'ಫೈರ್ ಪಿಟ್ಟು' ಎನ್ನುತ್ತಾನೆ. ಪಿಟ್ಟು ಎಂದರೆ ಗುಂಡಿ ಎಂದು ನನಗೆ ಹೇಳಿಕೊಟ್ಟವಳು ನೀಲಾವತಿ. ನಾನು ಅದನ್ನು ಕಣ್ಣಾರೆ ನೋಡಿರಲಿಲ್ಲ. ನಡುವಿನ ಗೋಡೆ ನನಗಿಂತ ಎತ್ತರ. ನನ್ನ ಕಣ್ಣಿಗೆ ಗೋಡೆ ಅಡ್ಡ. ಹೊಗೆಗೆ ಅಡ್ಡವಿಲ್ಲ, ಅವರ ಹಾಡಿಗಂತೂ ಮೊದಲೇ ಇಲ್ಲ.

ಒಂದು ದಿನ ಹೆಲ್ತ್ ಇನ್ಸ್‌ಪೆಕ್ಟರ್ ಗಂಗಾಧರಸ್ವಾಮಿ ಸೊಳ್ಳೆ ಮರಿ ಹುಡುಕುತ್ತಾ ನಮ್ಮ ನೀರಿನ ಡ್ರಮ್ಮಿಗೆ ಟಾರ್ಚು ಬಿಡುತ್ತಿದ್ದರು. ಇದೇ ಸಮಯವೆಂದು ಹಿಡಿದುಕೊಂಡೆ.

"ಸೊಳ್ಳೆ ಅತ್ಲಾಗಿರ್ಲಿ ಸ್ವಾಮಿ. ಸಂಜೆ ಆದ್ರೆ ಸಾಕು, ಒಗೆ ಬತ್ತದೆ. ಅದರ ಜೊತೆಗೆ ಯಾರೋ ಒಂದೇ ಸಮ ಕಿರುಚ್ತಾರೆ. ಅಕ್ಕಪಕ್ಕದಲ್ಲಿ ಮನ್ಸರು ಇರಾದು ಬ್ಯಾಡ್ವಾ?"

"ಒಗೀತಾರಂದ್ರ ಒಗೀಲಿ ಬಿಡ್ರಿ ಅಮ್ಮ. ಬಟ್ಟಿ ಒಗಿಯೋದಕ್ಕ ಕೇಸ್ ಹಾಕಾಕ ಬರೂದಿಲ್ಲ" ಎಂದರು. ಅವರು ಹಾವೇರಿ ಕಡೆಯವರು. (ಹೊಗೆಯ 'ಹ' ನಮ್ಮೂರಿನಲ್ಲಿ ಗಾಳಿಗೆ ಹಾರಿಹೋಗುತ್ತದೆ. ಮಿಕ್ಕಿದ್ದು ಒಗೆ.) ನಾನು ಕೆಮ್ಮಿ ತೋರಿಸಿದ ಮೇಲೆ ಅರ್ಥವಾಯಿತು.

ನನ್ನ ಹಾಗೆಯೇ ಬೇರೆ ಬೀದಿಗಳಲ್ಲೂ ಕೆಮ್ಮಿದವರು ಇದ್ದರೆಂದು ಕಾಣುತ್ತದೆ. ಸ್ವಲ್ಪ ದಿನಕ್ಕೆ ಪುರಸಭೆಯ ಮೈಕು ಕಟ್ಟಿದ ಆಟೋ ಬಂತು. "ಪಟ್ಟಣದ ವ್ಯಾಪ್ತಿಯಲ್ಲಿ ಮನೆಗಳ ಹಿತ್ತಲಿನ ಬೆಂಕಿ ಗುಂಡಿಗಳನ್ನು ನಿಷೇಧಿಸುವ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಲು ಸಭೆ" ಎಂದು ಕೂಗಿಕೊಂಡು ಹೋಯಿತು. ನಾನು ಒಂದು ಚೂರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ನೀಲಾವತಿ ಮೊರ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅತ್ತೆ, ಬೆಲ್ಲ ಆಮೇಕೆ ಚೀಪಿ. ನಮ್ಮ ಅಂಡೆ ಒಲೆ ಎಲ್ಲದೆ?"

"ಎಲ್ಲದೆ ಅಂದ್ರೆ? ಇತ್ತಲಲ್ಲದೆ."

"ಅದ್ರೊಳಗೆ ಏನ್ ಉರಿತದೆ?"

"ಬೆಂಕಿ."

"ಅಷ್ಟೇ ಕಣತ್ತೆ ನಾ ಕೇಳಿದ್ದು."

ಬೆಲ್ಲ ಗಂಟಲಲ್ಲೇ ನಿಂತಿತು.

ಆ ಹಂಡೆಯ ವಿಷಯ ಹೇಳಬೇಕು. ತಾಮ್ರದ್ದು. ನನ್ನ ಮದುವೆಯಲ್ಲಿ ತೆರಕಣಾಂಬಿಯಿಂದ ಎತ್ತಿನ ಗಾಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಬಂದದ್ದು. ದಾರಿಯಲ್ಲಿ ಯಾರು ನೋಡಿದರೂ ಮೊದಲು ಹಂಡೆಯನ್ನು ನೋಡಿ, ಆಮೇಲೆ ಹೆಣ್ಣು ಯಾರು ಎಂದು ಕೇಳುತ್ತಿದ್ದರು. ನಮ್ಮ ಯಜಮಾನರು ಹೋದರು, ಹಂಡೆ ಇದೆ. ಇಬ್ಬರಲ್ಲಿ ದಿನವೂ ಸಮಯಕ್ಕೆ ಸರಿಯಾಗಿ ಬಿಸಿಯಾಗುತ್ತಿದ್ದದ್ದು ಹಂಡೆಯಲ್ಲ, ಅದು ಬೇರೆ ಮಾತು. ಬೆಳಗ್ಗೆ ಎದ್ದು, ಬೂದಿ ಬಾಚಿ ತೆಗೆದು, ತೆಂಗಿನ ಸೋಗೆ ಒಟ್ಟಿ, ಆ ನೀರು ಕಾದು, ಅದರಲ್ಲಿ ಸಣ್ಣಗೆ ಹೊಗೆಯ ವಾಸನೆ ಸೇರಿ, ಮೈಮೇಲೆ ಬಿದ್ದರೆ ನನಗೆ ಆ ದಿನ ಶುರುವಾದ ಹಾಗೆ. ಗ್ಯಾಸಿನ ಮೇಲೆ ಕಾಸಿದ ನೀರು ಬರೀ ಬಿಸಿ. ಜ್ವರ ಬಂದವರ ಮೈಯೂ ಬಿಸಿಯೇ.

ಈಚೀಚೆಗೆ ಒಲೆಗೆ ಸೌದೆ ತುಂಬಲು ಸ್ವಲ್ಪ ಹೆಚ್ಚು ಬಗ್ಗಬೇಕಾಗುತ್ತಿತ್ತು. ವಯಸ್ಸಾಯಿತು, ಆಗುತ್ತದೆ ಎಂದುಕೊಂಡಿದ್ದೆ.

ನೀಲಾವತಿಗೆ ಆ ಜಾಗದ ಮೇಲೆ ಕಣ್ಣು. ಅವಳ ತವರಿನವರು ಕೊಡಿಸಿದ ವಾಷಿಂಗ್ ಮೆಷಿನ್ನು ನಡುಮನೆಯಲ್ಲಿ ಬಟ್ಟೆ ಹೊದ್ದುಕೊಂಡು ಮದುವಣಗಿತ್ತಿಯ ಹಾಗೆ ಕೂತಿತ್ತು. ಹಿತ್ತಲಲ್ಲಿ ನಲ್ಲಿಯೂ ಮೋರಿಯೂ ಒಟ್ಟಿಗೆ ಸಿಗುವುದು ಹಂಡೆ ಇರುವ ಮೂಲೆಯಲ್ಲಿ ಮಾತ್ರ.

"ಗುಂಡಿ ಓದ್ರೆ ಓಗ್ಲಿ ಬುಡಿ ಅತ್ತೆ, ಗುಂಡಿ ಬತ್ತದೆ" ಎಂದಳು. "ಒತ್ತಾ ಗುಂಡಿ. ನಿಮ್ಮ ಗುಂಡೀಲಿ ಬರೀ ಒಗೆ ಬತ್ತದೆ. ನನ್ನ ಗುಂಡಿ ಒತ್ತಿದ್ರೆ ಅದೇ ಒಗೆತದೆ."

ಅತ್ತೆಯ ಮೇಲೆ ಪದ ಕಟ್ಟುವಷ್ಟು ಮುಂದುವರಿದಿದ್ದಾಳೆ! ನಾನು ನನ್ನ ಮಗ ಮಹಾಲಿಂಗನ ಮುಖ ನೋಡಿದೆ. ಅವನು ಬಸ್ ಕಂಡಕ್ಟರ್. ಮನೆಯಲ್ಲಿ ಯಾರು ಜಗಳವಾಡಿದರೂ ಅವನದು ಒಂದೇ ತೀರ್ಪು.

"ಇಬ್ರೂ ವಸಿ ಅಡ್ಜಸ್ಟ್ ಮಾಡ್ಕಳಿ. ಒಳಗೆ ಜಾಗ ಅದೆ."

ನನ್ನ ಪಕ್ಷಕ್ಕೆ ಸಿಕ್ಕಿದವಳು ಇನ್ನೊಂದು ಪಕ್ಕದ ರಹಮತ್ ಬಿ. ಆ ಕಡೆಯ ಗೋಡೆ ಗಿಡ್ಡ, ನಮ್ಮ ಸ್ನೇಹ ಹಳೆಯದು. ಅವಳು ಮೂರು ಕಲ್ಲು ಹೂಡಿ, ದೊಡ್ಡ ಪಾತ್ರೆ ಇಟ್ಟು ಮದುವೆ ಮುಂಜಿಗಳಿಗೆ ಬಿರಿಯಾನಿ ಮಾಡಿಕೊಡುವವಳು.

"ಏನಕ್ಕ ಇದು? ನಿಮ್ದು ಶಿವರಾಮು ಮೇಲೆ ಸಿಟ್ಟು, ನಮ್ದು ಚೂಲಾ ಮೇಲೆ ಬಂತಲ್ಲ!" ಎಂದು ಸೌಟು ಹಿಡಿದುಕೊಂಡೇ ಗೋಡೆಗೆ ಬಂದಳು. "ಒಲೆ ಆರಿಸಿ ಅಂದ್ರೆ ಬಿರಿಯಾನಿ ನಾನೇನು ಮೊಬೈಲ್ ಮೇಲೆ ಮಾಡ್ಲಾ?"

"ಅವರು ಗುಂಡಿ ಅಂದವ್ರೆ ಕಣ್ ರಹಮತ್ತು. ಒಲೆ ಅಂದಿಲ್ಲ."

"ಗುಂಡಿ ಬೇರೆ, ಒಲೆ ಬೇರೆನಾ?"

ಅವಳು ಸುಮ್ಮನೆ ಕೇಳಿದ್ದು. ಆದರೆ ನನಗೆ ಅದು ದೇವರೇ ಗೋಡೆಯ ಮೇಲಿಂದ ಕೇಳಿದ ಹಾಗಾಯಿತು. ನಾನು ಅವಸರದವಳಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮಾತನ್ನು ಆರಿಸುತ್ತೇನೆ. ಸಭೆಯ ದಿನದವರೆಗೂ ಆರಿಸಿ, ಕೇರಿ, ಹಸನು ಮಾಡಿ ಇಟ್ಟುಕೊಂಡೆ.

ಸಮುದಾಯ ಭವನದಲ್ಲಿ ಮಹಾಸಭೆ. ಗಂಗಾಧರಸ್ವಾಮಿಗಳೇ ಅಭಿಪ್ರಾಯ ಬರೆದುಕೊಳ್ಳುವವರು. ಶಿವರಾಮು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎದ್ದು ನಿಂತ.

"ಟೂರಿಸಂ ಬೆಳಿಬೇಕು ಸಾರ್. ಬೆಂಕಿ ಇಲ್ಲ ಅಂದ್ರೆ ಗೆಸ್ಟುಗಳು ಮುಂದ್ಕೆ ಓಯ್ತಾರೆ."

"ಓಗ್ಲಿ ಬುಡ್ಲಾ" ಎಂದೆ ಕೂತಲ್ಲಿಂದಲೇ. "ಮುಂದ್ಕೆ ಓದ್ರೆ ಆನೆನಾದ್ರೂ ಸಿಕ್ತದೆ."

ಸಭೆ ನಕ್ಕಿತು. ಶಿವರಾಮು ನನ್ನ ಕಡೆ ತಿರುಗಿದ. "ದೊಡ್ಡವ್ವ, ನಿಮ್ಮ ಅಂಡೆ ಕೆಳಗೆ ಉರಿಯಾದು ಏನು, ಐಸ್‌ಕ್ರೀಮಾ? ಬೆಂಕಿ ಬೆಂಕಿನೇ ಅಲ್ವಾ?"

"ನೀರು ನೀರೇ ಕಣ್ಲಾ. ಬಾಯಾರಿದ್ರೆ ಚೊಂಬು ಎತ್ತಿಯಾ, ಬಾವಿಗೆ ಬೀಳ್ತಿಯಾ?"

ಈ ಸಲ ಚಪ್ಪಾಳೆಯೇ ಬಿತ್ತು. ರಹಮತ್ ಬಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

"ಬರ್ಕಳಿ ಸ್ವಾಮಿ. ನೆಲದಿಂದ ಮೇಲಕ್ಕೆ ಉರಿದ್ರೆ ಒಲೆ. ನೆಲದಿಂದ ಕೆಳಕ್ಕೆ ಉರಿದ್ರೆ ಗುಂಡಿ. ಒಲೆ ಅಂದ್ರೆ ಸಂಸಾರ, ಗುಂಡಿ ಅಂದ್ರೆ ಸೋಕಿ. ಗುಂಡಿ ಮುಚ್ಸಿ, ಒಲೆ ಬುಡಿ. ಯಾರದೇ ಆಗ್ಲಿ, ಒಂದು ಗೇಣು ಕೆಳಗಿದ್ರೂ ಮುಲಾಜು ನೋಡ್ಬ್ಯಾಡಿ."

"ಭಾಳ ಚಲೋ ಹೇಳಿದ್ರಿ ಅಮ್ಮ!" ಗಂಗಾಧರಸ್ವಾಮಿಗಳು ಪೆನ್ನು ಎತ್ತಿದರು. "ಇಷ್ಟು ಸ್ಪಷ್ಟ ನಮ್ಮ ಮ್ಯಾಲಿನವರೂ ಹೇಳಿದ್ದಿಲ್ಲ."

ಅಲ್ಲಿಗೆ ಕೂತುಬಿಡಬೇಕಾಗಿತ್ತು. ಗೆದ್ದವರಿಗೆ ಕುರ್ಚಿ ಎಲ್ಲಿದೆ ಎಂದು ಕಾಣುವುದಿಲ್ಲ. "ಟೇಪು ತಕ್ಕಂಡು ಬನ್ನಿ" ಎಂದೆ. "ಮೊದಲು ನಮ್ಮ ಮನೆಯಿಂದಲೇ ಶುರು ಮಾಡಿ!"

ಶಿವರಾಮು ನಕ್ಕಹಾಗೆ ಕಂಡಿತು. ಸೋತವನು ಇನ್ನೇನು ಮಾಡುತ್ತಾನೆ ಎಂದುಕೊಂಡೆ.

ಹೊಸ ನಿಯಮ ಬರುವುದಕ್ಕೆ ಮುಂಚೆ ಒಂದು ತನಿಖೆ ಎಂದು ಗಂಗಾಧರಸ್ವಾಮಿಗಳು ಟೇಪಿನೊಂದಿಗೆ ಬಂದರು. ಹೇಳಿದ ಮಾತಿನಂತೆ ನಮ್ಮ ಮನೆಗೇ ಮೊದಲು. ನಾನು ಹಂಡೆಗೆ ಹುಣಿಸೆಹಣ್ಣು ಹಾಕಿ ತಿಕ್ಕಿ, ಫಳಫಳ ಎನ್ನಿಸಿ, ಅರಿಶಿನ ಕುಂಕುಮ ಇಟ್ಟಿದ್ದೆ. ಶಿವರಾಮು, ರಹಮತ್ ಬಿ, ಬೀದಿಯ ಅರ್ಧ ಜನ ಹಿಂದೆ. ಗಂಗಾಧರಸ್ವಾಮಿ ಹಿತ್ತಲ ನೆಲದ ಮೇಲೆ ಒಂದು ಕೋಲು ಅಡ್ಡ ಇಟ್ಟರು. ಟೇಪನ್ನು ಒಲೆಯೊಳಗೆ ಬಿಟ್ಟರು. ಟೇಪು ಹೋಯಿತು. ಇನ್ನೂ ಹೋಯಿತು.

"ಅಮ್ಮ, ಇದು ಕೆಳಗ ಐತಲ್ರಿ."

"ಏನು ಕೆಳಗೆ?"

"ನಿಮ್ಮ ಒಲಿ. ನೆಲಕ್ಕಿಂತ ಒಂದೂವರಿ ಗೇಣು ಕೆಳಗ."

ಆಗ ಬಗ್ಗಿ ನೋಡಿದೆ. ಒಲೆ ನಾನು ಮದುವೆಯಾಗಿ ಬಂದಾಗ ಎಲ್ಲಿತ್ತೋ ಅಲ್ಲೇ ಇತ್ತು. ನೆಲ ಮೇಲೆ ಬಂದಿತ್ತು. ಮೊದಲು ಕೆಸರೆಂದು ನನ್ನ ಮಗ ಹಿತ್ತಲಿಗೆ ಕಾಂಕ್ರೀಟು ಹಾಕಿಸಿದ. ಅದು ಬಿರುಕು ಬಿಟ್ಟಿತೆಂದು ಅದರ ಮೇಲೆ ಇನ್ನೊಂದು ಸಲ ಹಾಕಿಸಿದ. ನಾನು ದಿನಾ ಬೂದಿ ಬಾಚುವಾಗ ಮಣ್ಣನ್ನೂ ಅಷ್ಟಷ್ಟು ಬಾಚಿ ಬದನೆ ಗಿಡಕ್ಕೆ ಹಾಕುತ್ತಿದ್ದೆ. ನೆಲ ಮೇಲಕ್ಕೆ, ಒಲೆ ಕೆಳಕ್ಕೆ. ವಯಸ್ಸಾಗಿದ್ದು ನನ್ನ ಸೊಂಟಕ್ಕಲ್ಲ!

"ಟೇಪಲ್ಲಿ ಏನೋ ಐಬು" ಎಂದೆ. "ಗೇಣು ಅಂದ್ರೆ ಕೈಯಲ್ಲೇ ಅಳಿಬೇಕು." ನಾನೇ ಕೂತು ನನ್ನ ಕೈಯಲ್ಲಿ ಅಳೆದೆ. ನನ್ನ ಕೈ ಚಿಕ್ಕದು. ಪೂರಾ ಎರಡು ಗೇಣಾಯಿತು.

"ಅತ್ತೆ, ಇನ್ನೊಂದು ಸಲ ಅಳೆದ್ರೆ ಬಾವಿ ಆಯ್ತದೆ" ಎಂದಳು ನೀಲಾವತಿ.

"ನಡಿರಿ, ಆ ಮನೆದು ನೋಡನ" ಎಂದು ಎದ್ದೆ. ನನ್ನದು ಹೋದರೂ ಶಿವರಾಮುವಿನದು ಉಳಿಯಬಾರದು. ನ್ಯಾಯ ಎಂದರೆ ಇಬ್ಬರಿಗೂ ಬೀಳಬೇಕು. ಮೊದಲನೆಯ ಸಲ ಅವನ ಹಿತ್ತಲಿಗೆ ಕಾಲಿಟ್ಟೆ.

ಇಟ್ಟಿಗೆಯಲ್ಲಿ ಕಟ್ಟಿದ ಕಟ್ಟೆ, ನನ್ನ ಮೊಣಕಾಲಿನೆತ್ತರ. ಅದರ ಮೇಲೆ ಮೂರು ಕಾಲಿನ ಕಬ್ಬಿಣದ ದೊಡ್ಡ ಬಾಣಲೆ. ಬೆಂಕಿ ಉರಿಯುವುದು ಅದರೊಳಗೆ.

"ನೆಲದಿಂದ ಮೇಲಕ್ಕೆ" ಎಂದ ಶಿವರಾಮು, ಬಹಳ ವಿನಯದಿಂದ. "ದೊಡ್ಡವ್ವ ಹೇಳಿದ ಪ್ರಕಾರ ಒಲೆ. ಸಂಸಾರ."

"ಪಿಟ್ಟು ಅಂತಿದ್ದಲ್ಲೋ ನೀನು! ಪಿಟ್ಟು ಅಂದ್ರೆ ಗುಂಡಿ!"

"ಅದು ಬರೀ ಬೋರ್ಡಿಗೆ ದೊಡ್ಡವ್ವ. ನಮ್ಮೂರ ಓಟ್ಲು ಮೆನೂಲಿ ಮಂಚೂರಿ ಅಂತ ಅದೆ, ಚೀನಾದಿಂದ ಬತ್ತದಾ?"

ರಹಮತ್ ಬಿಯ ಮೂರು ಕಲ್ಲು ಹೇಗೂ ಮೇಲೆಯೇ. ಬೀದಿಯಲ್ಲೆಲ್ಲಾ ಹುಡುಕಿದರೂ ಗುಂಡಿ ಅಂತ ಸಿಕ್ಕಿದ್ದು ಒಂದೇ. ಅದಕ್ಕೆ ಅರಿಶಿನ ಕುಂಕುಮ ಇಟ್ಟಿತ್ತು.

ಗಂಗಾಧರಸ್ವಾಮಿ ಒಳ್ಳೆಯವರು. "ಚಿಂತಿ ಮಾಡಬ್ಯಾಡ್ರಿ. ಗುಂಡಿ ಮುಚ್ಚಿಸಿ, ಅದರ ಮ್ಯಾಲೆ ಹೊಸಾ ಒಲಿ ಕಟ್ಟಿಸ್ರಿ" ಎಂದರು. ಮಗ ಅವತ್ತೇ ಕಾಂಕ್ರೀಟು ತಂದು ಮುಚ್ಚಿದ. ಒಲೆಗೆ ಇಟ್ಟಿಗೆ ಬರುವ ಮೊದಲೇ, ನಾನು ತರಕಾರಿಗೆಂದು ಸಂತೆಗೆ ಹೋಗಿ ಬರುವಷ್ಟರಲ್ಲಿ, ವಾಷಿಂಗ್ ಮೆಷಿನ್ನು ಅಲ್ಲಿ ಬಂದು ಕೂತುಬಿಟ್ಟಿತ್ತು. ಬಾಲದಂಥ ಪೈಪು ಮೋರಿಗೆ ಇಳಿದಿತ್ತು. ಮೇಲೆ ನೀಲಾವತಿಯ ಟವೆಲ್ಲು.

ನಾನು ಮಗನ ಮುಖ ನೋಡಿದೆ.

"ಅವ್ವ, ಟವಲ್ ಆಕ್ಬುಟ್ಟವ್ಳೆ" ಎಂದ. "ಟವಲ್ ಬಿದ್ದ ಸೀಟಿಗೆ ನಾನೇನೂ ಮಾಡಕಾಗಲ್ಲ."

"ಗ್ಯಾಸ್ ಮೇಲೆ ನೀರು ಕಾಸಿ ಕೊಡ್ತೀನಿ ಬುಡಿ ಅತ್ತೆ" ಎಂದಳು ನೀಲಾವತಿ. ಅವಳ ಮನಸ್ಸು ಕೆಟ್ಟದ್ದಲ್ಲ. ಆ ನೀರನ್ನು ನಾನು ಕೈಯಲ್ಲಿ ಮುಟ್ಟಿ ನೋಡಿದೆ, ಮೂಸಿ ನೋಡಿದೆ. ಯಾವ ವಾಸನೆಯೂ ಇಲ್ಲ. ಹಂಡೆ ಬಾಗಿಲ ಪಕ್ಕ ಬೋರಲಾಗಿ ಬಿದ್ದಿತ್ತು. ನನಗೆ ಅನ್ನ ಸೇರಲಿಲ್ಲ.

ಸಂಜೆ ಗೋಡೆಯಾಚೆಯಿಂದ ಶಿವರಾಮು ಕೂಗಿದ. "ದೊಡ್ಡವ್ವಾ, ಅಂಡೆ ಎತ್ಕಂಡು ಬನ್ನಿ. ನಮ್ಮ ಒಲೆ ಮೇಲೆ ಇಡನ. ಕಾನೂನು ಪ್ರಕಾರ ಅದೆ, ನೀವೇ ಮಾಡಿರಾ ಕಾನೂನು."

ಮಾನಮರ್ಯಾದೆ ಇರುವವಳು ಹೋಗುತ್ತಿರಲಿಲ್ಲ. ಆದರೆ ಮೈ ಕಡಿಯುತ್ತಿತ್ತು. ಹಂಡೆಯನ್ನು ಮಗನ ಕೈಯಲ್ಲಿ ಹೊರಿಸಿಕೊಂಡು ಹೋದೆ. ಬಾಣಲೆಯ ಮೇಲೆ ಕಬ್ಬಿಣದ ಸರಳು ಅಡ್ಡ ಹಾಕಿ ಶಿವರಾಮು ಅದನ್ನು ಕೂರಿಸಿದ. ಬೆಂಗಳೂರಿನವರು, ಕೋಯಿಕ್ಕೋಡಿನವರು ಸುತ್ತ ಕೂತಿದ್ದರು. ಹಂಡೆಯನ್ನು ನೋಡಿ ಎಲ್ಲರೂ ಎದ್ದು ನಿಂತು ಫೋಟೋ ತೆಗೆದರು. ಆಮೇಲೆ, ಹೆಣ್ಣು ಯಾರು ಎಂದು ಕೇಳಿದರು.

ನನಗೂ ಒಂದು ಕುರ್ಚಿ ಕೊಟ್ಟರು. ಬೆಂಕಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಒಬ್ಬ ಹುಡುಗಿ, "ಅಜ್ಜಿ, ನೀವೂ ಒಂದು ಹಾಡು ಹೇಳಿ. ಇಲ್ಲಿ ಕೂತವರೆಲ್ಲ ಹಾಡಲೇಬೇಕು, ರೂಲ್ಸು" ಎಂದಳು. ರೂಲ್ಸು ಎಂದ ಮೇಲೆ ನಾನು ಮೀರುವವಳಲ್ಲ. ಸೆರಗು ಹೊದ್ದು, ಗಂಟಲು ಸರಿಮಾಡಿಕೊಂಡು, ಹೆಣ್ಣು ಒಪ್ಪಿಸಿಕೊಡುವಾಗ ಹೇಳುವ ಸೋಬಾನೆ ಪದ ಎತ್ತಿದೆ. ಉದ್ದ ಪದ. ಎಲ್ಲೂ ಬಿಡದೆ ಹೇಳಬೇಕು.

ಹಾಡು ಏರುವ ಹೊತ್ತಿಗೆ ಗೋಡೆಯಾಚೆ ಮೆಷಿನ್ನಿನ ಸದ್ದು ನಿಂತಿತು. ನೀಲಾವತಿಯ ಗಂಟಲು ಕೇಳಿಸಿತು.

"ಶಿವರಾಮಣ್ಣಾ! ಒಗೆದು ಒಣಗಾಕಿರಾ ಬಟ್ಟೆಗೆಲ್ಲ ಒಗೆ ಬತ್ತಾ ಅದೆ! ಅದ್ಯಾರು ಆ ಪಾಟಿ ಕಿರುಚ್ತಿರಾದು? ಅಕ್ಕಪಕ್ಕದಲ್ಲಿ ಮನ್ಸರು ಇರಾದು ಬ್ಯಾಡ್ವಾ?"

ಶಿವರಾಮು ನನ್ನ ಮುಖ ನೋಡಿದ. ನಾನು ಹಂಡೆಯ ಕಡೆ ನೋಡಿದೆ. ನೀರು ಇನ್ನೂ ಕಾದಿರಲಿಲ್ಲ. ಮುಂದಿನ ನುಡಿ ಎತ್ತಿಕೊಂಡೆ.