ಚರಂಡಿಯ ಮುಯ್ಯಿ

ನನ್ನ ಮಗಳು ಶೋಭಾಳ ಸಮಾಜಸೇವೆಗೆ ನನಗೆ ತಗುಲಿದ ಖರ್ಚು ಒಂದು ಹೊಸ ಸನಿಕೆ, ಎರಡು ಮಂಕರಿ, ಒಂದು ಕುರಿ. ಸನಿಕೆ, ಮಂಕರಿಗಳನ್ನು ಅವಳು ಕೇಳಿ ತೆಗೆದುಕೊಂಡು ಹೋದಳು. ಕುರಿ ಹೋದದ್ದು ನನ್ನ ಬಾಯಿಂದ. ಸಂತೆಯಲ್ಲಿ ಹಲ್ಲು ಹಿಡಿದು ನೋಡದೆ ಎತ್ತು ಕೊಂಡವನಲ್ಲ ನಾನು. ಪುಕ್ಕಟೆ ಕೊಡುತ್ತೇನೆ ಎಂದವನ ಎತ್ತಿನ ಕಾಲನ್ನೂ ಎತ್ತಿ ನೋಡುತ್ತೇನೆ. ಹಾಗೆ ನೋಡಿ ನೋಡಿಯೇ ಬರಿಗೈಯಲ್ಲಿ ಬಂದವನು ಹನಗೋಡಿನ ಈಚೆ ಹೊಗೆಸೊಪ್ಪಿನ ಹೊಲ, ಸೊಪ್ಪು ಬೇಯಿಸಲು ಒಂದು ಬ್ಯಾರನ್ ಮಾಡಿಕೊಂಡಿದ್ದೇನೆ.

ಹುಣಸೂರಿನಲ್ಲಿ ಬಿ.ಎ. ಓದುತ್ತಿದ್ದ ಶೋಭಾ, ಇದ್ದಕ್ಕಿದ್ದಂತೆ ಭಾನುವಾರ ಭಾನುವಾರ ಗೆಳತಿಯರೊಂದಿಗೆ ಪಕ್ಕದ ಹಳ್ಳಿಯ ಚರಂಡಿ ತೆಗೆಯಲು ಹೊರಟಳು. ಮನೆಯಲ್ಲಿ ಸಗಣಿ ಬಾಚು ಎಂದರೆ ಮೂಗು ಮುಚ್ಚಿಕೊಳ್ಳುವ ಹುಡುಗಿ!

"ಎಷ್ಟು ಕೊಡ್ತಾರವ್ವ?" ಎಂದೆ.

"ಏನೂ ಇಲ್ಲ ಕಣಪ್ಪ. ಸೇವೆ."

"ಮಾರ್ಕ್ಸು?"

"ಅದೂ ಇಲ್ಲ. ಕಾಲೇಜ್ನೋರು ಸರ್ಟಿಫಿಕೇಟ್ ಕೊಡ್ತೀವಿ ಅಂದ್ರು, ನಾನೇ ಬ್ಯಾಡ ಅಂದೆ."

ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಸರ್ಟಿಫಿಕೇಟನ್ನೂ ಬೇಡ ಎನ್ನುವವಳು ಅದಕ್ಕಿಂತ ದೊಡ್ಡದೇನನ್ನೋ ಎದುರು ನೋಡುತ್ತಿರಬೇಕು. ವಯಸ್ಸಿಗೆ ಬಂದ ಮಗಳ ವಿಷಯದಲ್ಲಿ ಆ 'ಏನೋ' ತಂದೆಯ ಕಣ್ಣಿಗೆ ಮೀಸೆ ಸಮೇತ ಕಾಣುತ್ತದೆ. ನನ್ನಾಕೆಗೆ ಹೇಳಿದರೆ, "ನಿಮ್ ಬುದ್ಧೀನ ಸಂತೇಲೇ ಬುಟ್ಟು ಮನೆಗೆ ಬರ್ರಿ" ಎಂದಳು. ನಾನು ಮೊಪೆಡ್ ಹತ್ತಿ ಹಿಂದೆಯೇ ಹೋದೆ.

ಮೀಸೆ ಎಲ್ಲೂ ಕಾಣಲಿಲ್ಲ. ಮಗಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸನಿಕೆಯಿಂದ ಮಂಕರಿ ತುಂಬುತ್ತಿದ್ದಳು. ಜಗಲಿಯ ಮೇಲೆ ಕುಳಿತಿದ್ದ ಕೆಂಪಮ್ಮ ಎಂಬ ಮುದುಕಿ, ನಾನು ಅವಳ ಅಪ್ಪ ಎಂದು ತಿಳಿದೊಡನೆ, "ಮೊಗ ಬಂಗಾರ ಕಣಪ್ಪ. ಆದ್ರೆ ಸುಮ್ ಸುಮ್ಕೆ ಗೇದು ಓಯ್ತದಲ್ಲ, ನಮ್ಗೆ ಒಂದ್ ತರಾ ಆಯ್ತದೆ" ಎಂದಳು.

ವ್ಯಾಪಾರದ ನಾಲಿಗೆ ನೋಡಿ, ನನಗಿಂತ ಮುಂಚೆ ಎದ್ದಿತು. "ಅದಕ್ಯಾಕವ್ವ ಯೋಚ್ನೆ? ಮುಯ್ಯಿ ಅನ್ಕಳಿ. ಬರೋ ಭಾನುವಾರ ನಮ್ ಹೊಲದಲ್ಲಿ ಸೊಪ್ಪು ಮುರಿಯೋದದೆ."

ಮುಯ್ಯಿ ಎಂದರೆ ನಮ್ಮ ಕಡೆ ಕೂಲಿಯಿಲ್ಲದ ಕೆಲಸ: ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಕೆಲಸ ಮಾಡಿಸಿಕೊಂಡವರು ಊಟ ಹಾಕಬೇಕು, ಅಷ್ಟೇ. ಕೆಂಪಮ್ಮನ ಮುಖ ಅರಳಿತು.

ಮುಂದಿನ ಭಾನುವಾರ ಶೋಭಾ ಸನಿಕೆ ಹಿಡಿದು ಹೊರಡುವ ಹೊತ್ತಿಗೆ ಆ ಹಳ್ಳಿಯ ಅರ್ಧ ಬೀದಿಯೇ ಟ್ರ್ಯಾಕ್ಟರಿನಲ್ಲಿ ನಮ್ಮ ಹೊಲಕ್ಕೆ ಬಂದಿಳಿಯಿತು. ವಿಷಯ ತಿಳಿದ ಮಗಳ ಕಣ್ಣು ತುಂಬಿತು.

"ನನ್ನ ಸೇವೇನ ನಿನ್ ಸೊಪ್ಪಿಗೆ ಮಾರ್ಕಂಡ್ಯಲ್ಲಪ್ಪ! ಏನೂ ಬ್ಯಾಡ ಅಂತ ಹೇಳಿ ಹೋದೋಳು ನಾನು. ಇನ್ಯಾವ ಮುಖ ಇಟ್ಕಂಡು ಆ ಊರಿಗೆ ಹೋಗ್ಲಿ?"

ನನಗೆ ಸಂಕಟವಾಯಿತು. ಓಡಿಹೋಗಿ, ಎಲ್ಲರಿಗೂ ಕೂಲಿ ಕೊಟ್ಟುಬಿಡುತ್ತೇನೆ ಎಂದೆ. ಕೆಂಪಮ್ಮ ಕೆರಳಿದಳು. "ಮುಯ್ಯಿಗೆ ಕೂಲಿಯಾ? ನಾವೇನು ಬಿದ್ದೋಗಿದ್ದೀವಾ?" ಮಾನ ಉಳಿಸಿಕೊಳ್ಳಲು ಕುರಿ ಕಡಿಸಿದೆ.

ಊಟಕ್ಕೆ ಬಾ ಎಂದರೆ ಶೋಭಾ ಒಳಗಿನಿಂದ ಬರಲೊಲ್ಲಳು. ಕೆಂಪಮ್ಮನೇ ಹೋಗಿ ಪಕ್ಕದಲ್ಲಿ ಕುಳಿತಳು. "ನೀ ಕೊಡ್ತಾನೇ ಇದ್ರೆ ನಾವು ನಿನ್ ಮುಂದೆ ತಲೆ ತಗ್ಗಿಸ್ಕಂಡೇ ಇರ್ಬೇಕಾ ಮಗ? ಈಗ ನಿಮ್ಮನೇಲಿ ಧೈರ್ಯವಾಗಿ ಉಣ್ತೀವಿ. ಬರೋ ವಾರ ನೀ ಬಂದು ನಮ್ಮನೇಲಿ ಉಣ್ಣು." ಶೋಭಾ ಕಣ್ಣೊರೆಸಿಕೊಂಡು ಎದ್ದಳು.

ಊಟ ಮುಗಿದ ಮೇಲೆ ಮುದುಕಿ ಕೈ ತೊಳೆದು ನನ್ನ ಕಡೆ ತಿರುಗಿದಳು. "ಅಣ್ಣ, ಚರಂಡಿಗೆ ಬಂದಿದ್ದು ಬೆರಳೆಣಿಕೆ ಎಣ್ಮಕ್ಳು, ನಾವು ಬಂದಿದ್ದು ಟ್ರ್ಯಾಕ್ಟರ್ ತುಂಬ. ಇನ್ ಮಿಕ್ಕಿದ್ದು ನಿನ್ ಮೇಲದೆ."

ಅಂದಿನಿಂದ ಭಾನುವಾರ ಚರಂಡಿಯೊಳಗೆ ನಾನಿದ್ದೇನೆ. ದಡದಲ್ಲಿ ನಿಂತು, "ಅಪ್ಪ, ಇನ್ನೊಸಿ ಆಳ ತೆಗಿ" ಎನ್ನುತ್ತಾಳೆ ಮಗಳು. ದಾರಿಹೋಕರು ನನ್ನನ್ನು ನೋಡಿ, "ಇವ್ನು ಸುಮ್ನೆ ಇಳಿಯೋ ಆಸಾಮಿ ಅಲ್ಲ ಕಣ್ಲಾ, ಪಂಚಾಯ್ತಿಗೆ ನಿಲ್ತಾನೆ" ಎಂದು ಮಾತಾಡಿಕೊಳ್ಳುತ್ತಾರೆ.

ನಿಮ್ಮ ಮಕ್ಕಳು ಸೇವೆಗೆ ಹೊರಟರೆ ತಡೆಯಬೇಡಿ, ಹಿಂಬಾಲಿಸಲೂಬೇಡಿ. ಹಿಂಬಾಲಿಸಿದರೂ ಜಗಲಿಯ ಮೇಲಿನ ಮುದುಕಿಯರೊಡನೆ ಬಾಯಿ ಬಿಡಬೇಡಿ. ಬಿಟ್ಟಿರೋ, ಚರಂಡಿಯನ್ನು ತಗ್ಗಿನ ಕಡೆಯಿಂದ ತೆಗೆಯುತ್ತ ಬನ್ನಿ; ಮೇಲಿನಿಂದ ಶುರು ಮಾಡಿದರೆ ಇಡೀ ಬೀದಿಯ ಬಚ್ಚಲ ನೀರು ನಿಮ್ಮ ಕಾಲ ಬುಡದಲ್ಲೇ ನಿಲ್ಲುತ್ತದೆ. ಈ ಸಲಹೆಗೆ ನಾನು ಏನೂ ತೆಗೆದುಕೊಳ್ಳುವುದಿಲ್ಲ. ದಯವಿಟ್ಟು ಅನುಮಾನ ಪಡಬೇಡಿ.