ವರ್ಗಾವಣೆ ಮಾಡಲಾಗದ ಕೊಬ್ಬರಿ

ಮುಂಗಡ ವ್ಯಾಪಾರದ ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಇಡೀ ತಿಪಟೂರಿನಲ್ಲಿ ನಾನೊಬ್ಬನೇ ಎಂದು ತೊಂಬತ್ತರ ದಶಕದಲ್ಲಿ ನನಗೆ ದೃಢವಾದ ನಂಬಿಕೆಯಿತ್ತು. ಉಳಿದವರು ಯಾಕೆ ಓದಿರಲಿಲ್ಲ ಎಂದರೆ, ಅವರಿಗೆ ಬೇರೆ ಕೆಲಸವಿತ್ತು.

ನಾನು ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಪಾಠ ಮಾಡುತ್ತಿದ್ದೆ. ಪಠ್ಯದಲ್ಲಿ ಆ ಕಾಯ್ದೆಗೆ ಒಂದು ಪುಟವೂ ಇರಲಿಲ್ಲ. ಆದರೆ ಸುತ್ತಲೂ ಕೊಬ್ಬರಿ ವ್ಯಾಪಾರ ನಡೆಯುವ ಊರಿನಲ್ಲಿದ್ದುಕೊಂಡು ಅಷ್ಟಕ್ಕೇ ಬಿಡುವುದು ಸರಿಯಲ್ಲವೆಂದು ಇಡೀ ಕಾಯ್ದೆಯನ್ನೇ ತರಿಸಿ ಓದಿದೆ. ಸಾರಾಂಶ ಇಷ್ಟು: ಸರಕನ್ನೂ ದುಡ್ಡನ್ನೂ ಹನ್ನೊಂದು ದಿನದೊಳಗೆ ಕೊಟ್ಟು ತೆಗೆದುಕೊಂಡರೆ ಅದು ಮಾಮೂಲಿ ವ್ಯಾಪಾರ, ಯಾರ ತಕರಾರೂ ಇಲ್ಲ. ಅದನ್ನು ದಾಟಿ ಮುಂದಕ್ಕೆ ಹೋದರೆ ಅದು ಮುಂಗಡ ಕರಾರು. ಆಗ ಸರ್ಕಾರದ ಕಣ್ಣು ಬೀಳುತ್ತದೆ, ದಂಡ, ಜೈಲು ಎಂಬ ಮಾತುಗಳು ಬರುತ್ತವೆ. ಆದರೆ ಅದಕ್ಕೂ ಒಂದು ವಿನಾಯಿತಿಯುಂಟು. ಮಾರುವವನು ಯಾರು, ಕೊಳ್ಳುವವನು ಯಾರು, ಸರಕು ಯಾವುದು, ಯಾವ ಅವಧಿಯಲ್ಲಿ ಕೊಡಬೇಕು ಎಂದೆಲ್ಲ ಬರೆದು, ಆ ಹಕ್ಕನ್ನು ಬೇರೆ ಯಾರಿಗೂ ದಾಟಿಸುವಂತಿಲ್ಲ ಎಂದು ಸೇರಿಸಿ, ಸರಕನ್ನು ನಿಜವಾಗಿಯೂ ಕೊಟ್ಟು ತೆಗೆದುಕೊಂಡರೆ ಆ ಕರಾರಿಗೆ ಈ ನಿರ್ಬಂಧಗಳಿಲ್ಲ. ಎಷ್ಟು ಸೊಗಸಾದ ವಿನಾಯಿತಿ! ಅದನ್ನು ಓದಿದ ದಿನ ನನಗೆ ಊಟ ರುಚಿಸಲಿಲ್ಲ. ಯಾರಿಗಾದರೂ ಹೇಳಬೇಕಿತ್ತು.

ಸಿಕ್ಕಿದವರು ಬಶೀರ್ ಸಾಹೇಬರು. ನಮ್ಮ ಮನೆಯ ಮಾಲೀಕರು. ಕೆಳಗೆ ಅವರು, ಮಹಡಿಯಲ್ಲಿ ಬಾಡಿಗೆಗೆ ನಾವು. ಮಾರುಕಟ್ಟೆಯಲ್ಲಿ ಅವರದೊಂದು ಕೊಬ್ಬರಿ ಮಂಡಿಯಿತ್ತು. ಗೇಟಿನ ಬಳಿ ಅವರನ್ನು ನಿಲ್ಲಿಸಿಕೊಂಡು ಇಡೀ ಕಾಯ್ದೆಯನ್ನು ಒಪ್ಪಿಸಿದೆ.

"ಅರೆ ಮೇಷ್ಟ್ರೇ, ನಮ್ಮಪ್ಪನ ಕಾಲದಿಂದ ಮಾತಿನ ಮೇಲೇ ವ್ಯಾಪಾರ ನಡೀತಾ ಐತೆ ಕಣ್ರೀ" ಎಂದರು.

"ಹಾಗಾದ್ರೆ ನಿಮ್ಮಪ್ಪನ ಕಾಲದಿಂದ ಅಪರಾಧ ನಡೀತಾ ಇದೆ!" ಎಂದೆ.

ಪಾಪ, ಅವತ್ತಿನಿಂದ ಸಾಹೇಬರು ಯಾರ ಜೊತೆ ವ್ಯಾಪಾರ ಮಾತಾಡಿದರೂ ಬೆರಳು ಮಡಚಿ ದಿನ ಎಣಿಸತೊಡಗಿದರು. ಒಬ್ಬ ವಿದ್ಯಾರ್ಥಿ ದೊರೆತ ಸಂತೋಷ ನನಗೆ.

ಇಷ್ಟರಲ್ಲಿ ಹೊನ್ನವಳ್ಳಿಯಿಂದ ನನ್ನ ಹೆಂಡತಿ ಗಿರಿಜೆಯ ತಮ್ಮ ಬಸವರಾಜು ಬಂದ. ತೆಂಗಿನ ತೋಟ ನೋಡಿಕೊಂಡಿದ್ದವನು. ಅವನ ತೋಟಕ್ಕೆ ಅಂಟಿಕೊಂಡಂತೆ ಬೇರೆಯವರ ಒಂದು ತುಂಡು ಜಮೀನಿತ್ತು, ಬಾವಿ ಸಮೇತ. ಅದು ಮಾರಾಟಕ್ಕೆ ಬಂದಿತ್ತು. ಬಹಳ ವರ್ಷದಿಂದ ಅದರ ಮೇಲೆ ಅವನಿಗೆ ಕಣ್ಣು. ಯುಗಾದಿ ಹೊತ್ತಿಗೆ ದುಡ್ಡು ಕೊಡುವುದಾಗಿ ಒಪ್ಪಿ ಬಂದಿದ್ದ.

"ಅಟ್ಟದ ಮ್ಯಾಲೆ ಕಾಯಿ ಐತೆ ಭಾವ. ಕೊಬ್ಬರಿ ರೇಟು ಒಂದಿನ ಇದ್ದಂಗೆ ಒಂದಿನ ಇರಲ್ಲ. ಬಶೀರ್ ಸಾಬ್ರತ್ರ ಈಗ್ಲೇ ಒಂದು ರೇಟು ಮಾತಾಡ್ಕಂಡು, ಯುಗಾದಿಗೆ ಮಾಲು ಕೊಟ್ಬುಡಾಣ ಅಂತಿದ್ದೀನಿ" ಎಂದ.

ನಾನು ಕಾಫಿ ಲೋಟ ಕೆಳಗಿಟ್ಟೆ. "ಬಸವರಾಜು, ನೀನೀಗ ಹೇಳಿದ್ದು ಏನು ಗೊತ್ತಾ? ಅಪರಾಧ!"

ಅವನ ಮುಖ ಬಿಳಿಚಿತು. ನಾನು ಕಾಯ್ದೆಯನ್ನು ವಿವರಿಸಿದೆ. ಜೈಲಿನ ಭಾಗ ಬಂದಾಗ ಅವನು ಎದ್ದು ನಿಂತ.

"ಹಂಗಾರೆ ಬುಡಿ ಭಾವ, ಆ ಜಮೀನೇ ಬ್ಯಾಡ."

"ರೀ, ಅವನನ್ನ ಯಾಕ್ರೀ ಹೆದರಿಸ್ತೀರಿ?" ಎಂದಳು ಗಿರಿಜೆ.

"ಹೆದರಿಸ್ತಿಲ್ಲ, ದಾರಿ ತೋರಿಸ್ತಿದ್ದೀನಿ. ಇದಕ್ಕೊಂದು ವಿನಾಯಿತಿ ಇದೆ. ಪಕ್ಕಾ ಕಾಗದ ಮಾಡೋಣ. ನಿನ್ನ ಕಾಯಿ ನಾನೇ ಕೊಳ್ತೀನಿ!"

"ಆ ಕಾಗದಕ್ಕೆ ಬಶೀರ್ ಸಾಬ್ರೇ ರುಜು ಹಾಕಬಹುದಲ್ಲ?" ಎಂದು ಗಿರಿಜೆ ಕೇಳಿದಳು.

ಈ ಪ್ರಶ್ನೆ ನನಗೆ ಕೇಳಿಸಲಿಲ್ಲ. ಕೊಬ್ಬರಿ ಬೆಲೆ ಏರುತ್ತದೆ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಸ್ಕೂಟರಿಗೆಂದು ಕೂಡಿಟ್ಟಿದ್ದ ಹಣವಿತ್ತು. ಅದನ್ನು ಕಾಯಿಗೆ ಹಾಕಿ, ಕೊಬ್ಬರಿಯಾದ ಮೇಲೆ ಏರಿದ ಬೆಲೆಗೆ ಸಾಹೇಬರಿಗೆ ಮಾರಿದರೆ ಇನ್ನೂ ಒಳ್ಳೆಯ ಸ್ಕೂಟರ್ ಬರುತ್ತಿತ್ತು. ನೀಲಿಯೋ ಹಸಿರೋ ಎಂದು ಆಗಲೇ ಯೋಚಿಸುತ್ತಿದ್ದೆ.

ಹೊನ್ನವಳ್ಳಿಗೆ ಹೋಗಿ ಏಣಿ ಹತ್ತಿ ಅಟ್ಟ ನೋಡಿದೆ. ಕಾಯಿ ಸಿಪ್ಪೆಯ ಸಮೇತ ರಾಶಿಯಾಗಿ ಬಿದ್ದಿತ್ತು. ನಮ್ಮ ಸೀಮೆಯಲ್ಲಿ ಕಾಯನ್ನು ಹಾಗೆಯೇ ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಉಂಡೆಯಾಗಿ ಚಿಪ್ಪಿನೊಳಗೆ ಲೊಟಲೊಟ ಅಲ್ಲಾಡಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದೆ. ಸದ್ದು ಬಂತು. ತೃಪ್ತಿಯಾಯಿತು. ಅದು ನೀರಿನ ಸದ್ದು!

"ಯುಗಾದಿ ಹೊತ್ಗೆ ಎಲ್ಲಾ ಒಣಗಿರ್ತವೋ ಇಲ್ವೋ ಭಾವ" ಎಂದು ಬಸವರಾಜು ತಲೆ ಕೆರೆದುಕೊಂಡ.

"ಕಾನೂನಿಗೆ ಒಣಗೋದು ಮುಖ್ಯ ಅಲ್ಲಪ್ಪ. ಅವಧಿ ಮುಖ್ಯ" ಎಂದೆ.

ಕರಾರನ್ನು ಛಾಪಾ ಕಾಗದದ ಮೇಲೆ ನಾನೇ ಬರೆದೆ. ಈಗಲೂ ಅದರ ಶೈಲಿ ನೆನೆದರೆ ಮೈ ಜುಮ್ಮೆನ್ನುತ್ತದೆ. 'ಸದರಿ ಅಟ್ಟದ ಮೇಲೆ ಈ ದಿನ ಇರುವ ಸದರಿ ಕಾಯಿಗಳನ್ನೇ, ಈ ದಿನದ ಕೊಬ್ಬರಿ ದರಕ್ಕೆ, ಯಾವುದೇ ಬದಲಾವಣೆ ಮಾಡದೆ, ಯುಗಾದಿಯ ಹಿಂದಿನ ವಾರದಲ್ಲಿ, ಸದರಿ ಕೊಳ್ಳುವವರ ಮನೆ ಬಾಗಿಲಿಗೆ ತಂದು, ಸದರಿ ಕೊಳ್ಳುವವರ ಕೈಗೇ ಒಪ್ಪಿಸತಕ್ಕದ್ದು. ಈ ಹಕ್ಕನ್ನು ಅನ್ಯರಿಗೆ ವರ್ಗಾಯಿಸತಕ್ಕದ್ದಲ್ಲ.'

ಗಿರಿಜೆ ಓದಿ ನೋಡಿದಳು. "ಇದರಲ್ಲಿ ನನ್ನ ಹೆಸರೇ ಇಲ್ವಲ್ಲ."

"ನಿನಗೆ ಇದರಲ್ಲಿ ಹಕ್ಕೂ ಇಲ್ಲ, ಹೊಣೆಯೂ ಇಲ್ಲ" ಎಂದೆ.

"ಅದನ್ನ ಬೇರೆ ಹಾಳೆಯಲ್ಲಿ ಬರೆದು ಕೊಡಿ."

ನಗುತ್ತ ಬರೆದುಕೊಟ್ಟೆ. ರುಜುವನ್ನೂ ಹಾಕಿದೆ.

ಯುಗಾದಿಗೆ ಇನ್ನೂ ವಾರವಿರುವಾಗ, ನಾನು ಹಲ್ಲುಜ್ಜುತ್ತಿದ್ದೆ, ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತು. ಟ್ರೇಲರಿನ ತುಂಬ ಕಾಯಿ. ಸಿಪ್ಪೆ ಸಮೇತ! ಬಸವರಾಜು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕಾಯನ್ನು ಎರಡೂ ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತಿದ್ದ.

"ಏನಪ್ಪ ಇದು? ಸುಲಿಸಿ ಕೊಬ್ಬರಿ ಮಾಡಿ ತರಬೇಕಲ್ವಾ?"

"ಬದಲಾವಣೆ ಮಾಡಬಾರದು ಅಂತ ಬರ್ದಿದ್ರಲ್ಲ ಭಾವ. ಒಂದು ಕಾಯಿನೂ ಮುಟ್ಟಿಲ್ಲ, ಮನೆದೇವ್ರಾಣೆ."

"ಅದು ಸರಿ, ಆದರೆ..."

"ಮೊದ್ಲು ಇದ್ನ ಹಿಡೀರಿ. ಕೈಗೇ ಕೊಡಬೇಕು ಅಂತ ಐತೆ."

ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡು, ಕ್ರೀಡಾಕೂಟದಲ್ಲಿ ಕಪ್ ತೆಗೆದುಕೊಳ್ಳುವವನಂತೆ ಎರಡೂ ಕೈ ಚಾಚಿ ಆ ಕಾಯಿ ತೆಗೆದುಕೊಂಡೆ. ಉಳಿದದ್ದನ್ನು ಆಳುಗಳು ಮಹಡಿಗೆ ಹೊತ್ತರು. ಹಾಲ್ ತುಂಬಿತು. ಮಂಚದ ಕೆಳಗೆ ತುಂಬಿತು. ಬಚ್ಚಲ ಬಾಗಿಲಿನವರೆಗೂ ಬಂತು. ರಾಶಿ ಜಾರಿ ಕೆಲವು ಕಾಯಿ ಮೆಟ್ಟಿಲ ಮೇಲೆ ದಡದಡ ಉರುಳಿ ಸಾಹೇಬರ ಬಾಗಿಲು ಬಡಿದವು. ಯಾರೋ ಬಂದರೆಂದು ಅವರು ಬಾಗಿಲು ತೆಗೆದರು. ಇನ್ನೂ ಎರಡು ಒಳಗೆ ಹೋದವು.

ನಾನು ಅವುಗಳ ಹಿಂದೆಯೇ ಇಳಿದುಹೋದೆ. "ಸಾಹೇಬ್ರೇ, ಒಳ್ಳೆ ಸಮಯಕ್ಕೆ ಸಿಕ್ಕಿದ್ರಿ. ಅಷ್ಟೂ ಕಾಯಿ ನಿಮಗೇ. ರೇಟು ನೀವು ಹೇಳಿದಷ್ಟು."

ಸಾಹೇಬರು ಒಂದು ಕಾಯಿ ಎತ್ತಿ ಅಲ್ಲಾಡಿಸಿದರು. ಬೆರಳು ಮಡಚತೊಡಗಿದರು. "ಇದು ಹಸಿ ಐತೆ. ನಂಗೆ ಬೇಕಾಗಿರೋದು ಕೊಬ್ಬರಿ. ಇದು ಒಣಗಬೇಕು, ಸುಲೀಬೇಕು, ಅಂದ್ರೆ ಮಳೆಗಾಲ ಬತ್ತದೆ. ಹನ್ನೊಂದು ದಿನ ದಾಟೋಯ್ತದಲ್ಲ ಮೇಷ್ಟ್ರೇ! ಅಪರಾಧ."

"ಅದಕ್ಕೆ ವಿನಾಯಿತಿ ಇದೆಯಲ್ಲ, ನಾವಿಬ್ಬರೂ ಒಂದು ಕಾಗದ..."

"ಕಾಗದ ಬ್ಯಾಡ ಕಣ್ರೀ!" ಎಂದು ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಕಾಗದ ಬರೆದ್ರೆ ಏನಾಯ್ತದೆ ಅಂತ ಈಗ ನೋಡಿದ್ನಲ್ಲ. ನಾನು ಮೆಟ್ಟಿಲ ಕೆಳಗೇ ಇರೋನು. ನೀವು ಮೇಲಿಂದ ಉರುಳಿಸಿಬಿಟ್ರೆ? ಇನ್ನೊಂದು ಮಾತು. ಮನೆ ಕೊಟ್ಟಿದ್ದು ಸಂಸಾರಕ್ಕೆ, ಅಟ್ಟ ಮಾಡೋಕಲ್ಲ. ತಾರಸಿ ಹಳೇದು, ಹುಷಾರು."

ಮೇಲೆ ಬಂದು ಬಸವರಾಜುವಿಗೆ, ಒಣಗುವವರೆಗೆ ಕಾಯನ್ನು ವಾಪಸ್ ಅಟ್ಟಕ್ಕೆ ಹಾಕಿಕೋ ಎಂದು ಬೇಡಿಕೊಂಡೆ.

"ಅಟ್ಟಕ್ಕೆ ನಿನ್ನೆನೇ ಹೊಸ ಕಾಯಿ ಏರಿಸ್ಬುಟ್ಟೆ ಭಾವ. ಅಲ್ದೆ ನಾನು ವಾಪಸ್ ತಗಂಡ್ರೆ ಅದು ವರ್ಗಾವಣೆ ಆಗಲ್ವಾ?"

ಆಗುವುದಿಲ್ಲ ಎಂದು ಪುಸ್ತಕ ತೆಗೆದು ತೋರಿಸಿದೆ. ಅವನು ಪುಸ್ತಕದಿಂದ ದೂರ ಸರಿದು ಕುಳಿತ. ಕಾನೂನಿಗೆ ಹೆದರಬೇಕು ಎಂದು ನಾನು ಒಂದೇ ಲೋಟ ಕಾಫಿಯ ಹೊತ್ತಿನಲ್ಲಿ ಕಲಿಸಿದ್ದೆ. ಹೆದರಬೇಡ ಎಂದು ಕಲಿಸಲು ಇಡೀ ಬೆಳಗ್ಗೆ ಸಾಲಲಿಲ್ಲ.

ಅವನು ದುಡ್ಡಿನ ಮಾತೇ ಎತ್ತಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಚಪ್ಪಲಿಗೆ ಅಂಟಿದ ನಾರು ಕೀಳುತ್ತಿದ್ದ. ಜಮೀನಿನವರಿಗೆ ಅವನು ಮಾತು ಕೊಟ್ಟಾಗಿತ್ತು. ನಾನು ಹಿಂದೆ ಸರಿದರೆ ಆ ಬಾವಿ, ಆ ತುಂಡು ಭೂಮಿ ಬೇರೆಯವರ ಪಾಲಾಗುತ್ತಿತ್ತು. ಗಿರಿಜೆ ಬಾಗಿಲಲ್ಲಿ ನಿಂತು ಒಮ್ಮೆ ತಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು. ಅವಳು ಏನಾದರೂ ಹೇಳಿದ್ದರೆ ವಾದ ಮಾಡಬಹುದಿತ್ತು! ನಾನು ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೋಗಿ, ಸ್ಕೂಟರಿನ ಹಣವನ್ನೆಲ್ಲ ತಂದು ಅವನ ಕೈಗಿಟ್ಟೆ. ಅವನು ನನ್ನ ಕಾಲಿಗೆ ನಮಸ್ಕಾರ ಮಾಡಲು ಬಂದ. ಆದರೆ ನನ್ನ ಕಾಲು ಕಾಯಿಗಳ ನಡುವೆ ಎಲ್ಲೋ ಇತ್ತು.

ಆಮೇಲಿನ ತಿಂಗಳುಗಳಲ್ಲಿ ನಾವು ಕಾಯಿಯ ಜೊತೆ ಸಂಸಾರ ಮಾಡಿದೆವು. ಬಂದ ನೆಂಟರು ಕುರ್ಚಿ ಕಾಣದೆ ರಾಶಿಯ ಮೇಲೆಯೇ ಕೂರುತ್ತಿದ್ದರು. ಕೂತವರು ನಿಧಾನವಾಗಿ ಅಡುಗೆಮನೆಯ ಕಡೆಗೆ ಜಾರುತ್ತಿದ್ದರು. ಕಾಯಿಗಳು ಒಂದೇ ಸಲ ಒಣಗಲಿಲ್ಲ. ಕೆಲವು ಒಣಗಿದವು, ಕೆಲವು ಕೊಳೆತವು, ಕಿಟಕಿಯ ಬಳಿ ಇದ್ದವು ಮೊಳಕೆಯೊಡೆದು ಹಸಿರು ಗರಿಯನ್ನೂ ಬಿಟ್ಟವು. ಒಣಗಿದ್ದನ್ನು ನಾನೇ ಸುಲಿಯುತ್ತೇನೆಂದು ಮಚ್ಚು ತಂದೆ. ಮೊದಲ ದಿನ ಒಂದು ಕಾಯಿ ಸುಲಿದೆ. ಎರಡನೆಯ ದಿನ ಕೈಗೆ ಬಟ್ಟೆ ಸುತ್ತಿಕೊಂಡು ಕಾಲೇಜಿಗೆ ಹೋದೆ.

"ಸ್ವಲ್ಪ ಕೈ ಹಾಕೇ" ಎಂದು ಗಿರಿಜೆಯನ್ನು ಕೇಳಿದೆ.

ಅವಳು ಒಳಗೆ ಹೋಗಿ ಹಾಳೆ ತಂದು ಗಟ್ಟಿಯಾಗಿ ಓದಿದಳು: "ಹಕ್ಕೂ ಇಲ್ಲ, ಹೊಣೆಯೂ ಇಲ್ಲ." ಬರವಣಿಗೆ ಸ್ಪಷ್ಟವಾಗಿತ್ತು. ರುಜು ನನ್ನದೇ.

ಆದರೂ ಒಂದು ಭಾನುವಾರ ಅವಳೇ ಬಂದು ಕುಳಿತು ಚಿಪ್ಪು ಒಡೆಯತೊಡಗಿದಳು. "ಇದು ಸಹಾಯ ಅಂತ ತಿಳ್ಕೋಬೇಡಿ. ನನಗೆ ಬಚ್ಚಲಿಗೆ ಹೋಗೋಕೆ ದಾರಿ ಬೇಕು" ಎಂದಳು. ಹಳ್ಳಿಯಲ್ಲಿ ಬೆಳೆದವಳು. ನನಗೆ ಒಂದು ಉಂಡೆ ಹೊರಬರುವಷ್ಟರಲ್ಲಿ ಅವಳದು ಬುಟ್ಟಿ ತುಂಬಿರುತ್ತಿತ್ತು. ನಾನು ಒಡೆದ ಉಂಡೆಗಳೆಲ್ಲ ಚೂರಾಗಿ ಚಟ್ನಿಗೆ ಸೇರಿದವು. ಆ ವರ್ಷ ನಮ್ಮ ಮನೆಯಲ್ಲಿ ಪಲ್ಯಕ್ಕೆ ಕೊಬ್ಬರಿ ಹಾಕುತ್ತಿರಲಿಲ್ಲ, ಕೊಬ್ಬರಿಗೆ ಪಲ್ಯ ಹಾಕುತ್ತಿದ್ದೆವು.

ಮಳೆ ಹಿಡಿದ ಮೇಲೆ ಬಶೀರ್ ಸಾಹೇಬರಿಗೆ ಕನಿಕರ ಬಂತು. ನಮ್ಮ ಮೇಲಲ್ಲ, ತಾರಸಿಯ ಮೇಲೆ. ತಮ್ಮ ಮಂಡಿಯ ಆಳುಗಳನ್ನು ಕಳಿಸಿ, ಉಳಿದದ್ದನ್ನೆಲ್ಲ ಸುಲಿಸಿ, ಮಾರುಕಟ್ಟೆಯ ಹರಾಜಿಗೆ ಇಡಿಸಿದರು. ಸ್ಟಾಫ್ ರೂಮಿನವರಿಗೆಲ್ಲ ತಿಳಿದಿದ್ದ ಏರುಬೆಲೆ ಮಾರುಕಟ್ಟೆಗೆ ತಿಳಿದಿರಲಿಲ್ಲ. ಬಂದ ದುಡ್ಡನ್ನು ಸಾಹೇಬರು ಅವತ್ತೇ ತಂದುಕೊಟ್ಟರು. ಸ್ಕೂಟರಿನ ಬಣ್ಣದ ಚರ್ಚೆ ನಮ್ಮ ಮನೆಯಲ್ಲಿ ಮತ್ತೆ ನಡೆಯಲಿಲ್ಲ.

ಬಸವರಾಜು ಮಾತ್ರ ಗೆದ್ದಿದ್ದ. ಜಮೀನು ಅವನ ಹೆಸರಿಗಾಯಿತು. ಬಾವಿಗೆ ಪೂಜೆ ಇಟ್ಟುಕೊಂಡು ನಮ್ಮನ್ನು ಹೊನ್ನವಳ್ಳಿಗೆ ಕರೆದ. ಅವನ ಹೆಂಡತಿ ಒಬ್ಬಟ್ಟು ಬಡಿಸಿದಳು. ಅವನು ಬಾವಿಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, "ನಮ್ಮ ಭಾವ ಇಲ್ದಿದ್ರೆ ಇದು ಆಗ್ತಿರ್ಲಿಲ್ಲ ಕಣ್ರಪ್ಪ" ಎಂದು ಊರವರಿಗೆ ಪರಿಚಯಿಸಿದ. ನೀರು ಕಾಣುತ್ತಿತ್ತು, ಗಾಳಿ ಚೆನ್ನಾಗಿತ್ತು, ನನಗೆ ನಿಜಕ್ಕೂ ಸಂತೋಷವಾಯಿತು. ಹಾರ ಹಾಕಿಸಿಕೊಂಡು ಗಂಭೀರವಾಗಿ ತಲೆಯಾಡಿಸಿದೆ. ಕಾನೂನು ಬಲ್ಲವನೆಂದು ಒಂದು ಊರಿಗಾದರೂ ತಿಳಿಯಿತಲ್ಲ ಎಂದುಕೊಂಡೆ.

ಸಂಜೆ ತಿಪಟೂರಿನ ಬಸ್ಸು ಹತ್ತಿದೆವು. ಗಿರಿಜೆಗೆ ಮುಂದೆ ಹೆಂಗಸರ ನಡುವೆ ಸೀಟು ಸಿಕ್ಕಿತು, ನನಗೆ ಹಿಂದೆ. ಪಕ್ಕದಲ್ಲಿ ಪೇಟ ಸುತ್ತಿದ ಯಜಮಾನರೊಬ್ಬರು ಕುಳಿತಿದ್ದರು. ನನ್ನನ್ನು ಸ್ವಲ್ಪ ಹೊತ್ತು ನೋಡಿ, ಮುಖ ಅರಳಿಸಿ ಕೇಳಿದರು:

"ಸ್ವಾಮಿ, ಹಸಿ ಕಾಯಿನ ಕೊಬ್ಬರಿ ರೇಟಿಗೆ ತಗಳೋ ಮೇಷ್ಟ್ರು ನೀವೇ ಅಲ್ವರಾ? ನಮ್ಮ ಅಟ್ಟದಾಗೂ ಐತೆ. ಕಾಗದ ಬರ್ಕಂಡ್ರೆ ಸಾಕಂತೆ, ಟ್ರ್ಯಾಕ್ಟರ್ ತಂದುಬುಡ್ತೀವಿ."

ಬಸ್ಸಿನಲ್ಲಿ ಗುಸುಗುಸು ಎದ್ದಿತು. ನಾಲ್ಕಾರು ತಲೆಗಳು ಆಸೆಯಿಂದ ನನ್ನ ಕಡೆ ತಿರುಗಿದವು.

"ಅಲ್ಲ, ಅಲ್ಲ. ಅವರು ನಮ್ಮಣ್ಣ" ಎಂದೆ. "ನೋಡೋಕೆ ಇಬ್ಬರೂ ಒಂದೇ ಥರ ಇದ್ದೀವಿ."

ಯಜಮಾನರು ನಿರಾಸೆಯಿಂದ ಕಿಟಕಿಯ ಕಡೆ ತಿರುಗಿದರು. ನಾನು ಉಸಿರು ಬಿಟ್ಟೆ. ಆಗ ಮುಂದಿನ ಸೀಟಿನಿಂದ ಗಿರಿಜೆಯ ದನಿ ಇಡೀ ಬಸ್ಸಿಗೆ ಕೇಳುವಂತೆ ಬಂತು:

"ರೀ, ನಿಮಗೆ ಅಣ್ಣ ಎಲ್ಲಿದ್ದಾರ್ರೀ?"